ಶೋಧಯಂತ್ರಕ್ಕೆ ಕಾಣದ ದಾಖಲೆಗಳು: ಗ್ರಾಮದ ನಿರ್ಧಾರಗಳಿಗೆ ಬೇಕಾದ ಮಾಹಿತಿಯನ್ನು ದತ್ತಸಂಚಯಗಳಲ್ಲಿ ಹುಡುಕುವ ಕ್ರಮ

ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ

ಸಾಮಾನ್ಯ ಸಭೆಯಲ್ಲಿ ಕುಡಿಯುವ ನೀರಿನ ವಿಷಯ ಚರ್ಚೆಗೆ ಬಂದಾಗ ಎರಡು ಅಭಿಪ್ರಾಯಗಳು ವ್ಯಕ್ತವಾಗುವುದು ಸಹಜ. ಕೆಲವು ಸದಸ್ಯರು ಹೊಸ ಕೊಳವೆಬಾವಿ ಕೊರೆಸಬೇಕೆನ್ನುತ್ತಾರೆ; ಉಳಿದವರು ಅದೇ ಮೊತ್ತದಲ್ಲಿ ಊರ ಕೆರೆಯ ಹೂಳು ತೆಗೆಸಬೇಕೆನ್ನುತ್ತಾರೆ. ಎರಡೂ ಕಡೆಯವರಲ್ಲಿ ಅನುಭವವಿರುತ್ತದೆ, ಆದರೆ ಅಂಕಿ ಅಂಶವಿರುವುದಿಲ್ಲ. ಯಾರಾದರೂ ಮೊಬೈಲ್ ತೆರೆದು ಊರಿನ ಹೆಸರನ್ನೂ 'ಅಂತರ್ಜಲ' ಎಂಬ ಪದವನ್ನೂ ಗೂಗಲ್‌ನಲ್ಲಿ ಹುಡುಕಿದರೆ ಹವಾಮಾನದ ಪುಟವೊಂದು, ಪಿನ್‌ಕೋಡ್ ತಿಳಿಸುವ ಜಾಲತಾಣವೊಂದು ಸಿಗಬಹುದು. ಮಾಹಿತಿಯೇ ಇಲ್ಲವೆಂದು ತೀರ್ಮಾನಿಸಿ ಸಭೆ ಮುಂದುವರಿಯುತ್ತದೆ. ಕೊರೆದ ಬಾವಿ ಬತ್ತಿದರೆ, ಇಲ್ಲವೇ ಅದರ ನೀರು ಕುಡಿಯಲು ಯೋಗ್ಯವಲ್ಲವೆಂದು ನಂತರ ತಿಳಿದರೆ, ಆ ಅನುದಾನ ಮರಳಿ ಬರುವುದಿಲ್ಲ.

ವಾಸ್ತವದಲ್ಲಿ ಆ ಊರಿನ ಬಗ್ಗೆ ಸಾಕಷ್ಟು ದಾಖಲೆಗಳು ಅಂತರ್ಜಾಲದಲ್ಲಿಯೇ ಇವೆ. ಅವು ಸಾಮಾನ್ಯ ಹುಡುಕಾಟಕ್ಕೆ ಏಕೆ ಕಾಣಿಸುವುದಿಲ್ಲ, ಎಲ್ಲಿ ಮತ್ತು ಹೇಗೆ ಹುಡುಕಬೇಕು, ದೊರೆತದ್ದನ್ನು ಹೇಗೆ ಪರಿಶೀಲಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಹುಡುಕಿದರೂ ಏಕೆ ಸಿಗುವುದಿಲ್ಲ

ಗೂಗಲ್‌ನಂತಹ ಶೋಧಯಂತ್ರವು ನಾವು ಪ್ರಶ್ನೆ ಕೇಳಿದ ಕ್ಷಣದಲ್ಲಿ ಜಗತ್ತನ್ನೆಲ್ಲ ಹುಡುಕುವುದಿಲ್ಲ. ಅದರ ತಂತ್ರಾಂಶವು ಮುಂಚಿತವಾಗಿಯೇ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳ ಮೂಲಕ ಸಾಗುತ್ತಾ, ಕಂಡದ್ದನ್ನು ಓದಿ ಸೂಚಿಯೊಂದನ್ನು ಸಿದ್ಧಪಡಿಸಿಕೊಂಡಿರುತ್ತದೆ. ನಮಗೆ ಉತ್ತರ ದೊರೆಯುವುದು ಆ ಸೂಚಿಯಿಂದ. ಕೊಂಡಿಯಿಲ್ಲದ ಕಡೆಗೆ ಈ ತಂತ್ರಾಂಶ ಹೋಗಲಾರದು.

ಪಹಣಿಯ ಉದಾಹರಣೆಯನ್ನು ಗಮನಿಸಿ. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಹಾಗೂ ಸರ್ವೆ ನಂಬರ್ ನಮೂದಿಸಿದ ನಂತರವೇ ಪಹಣಿಯ ಪುಟ ತೆರೆಯುತ್ತದೆ. ನಾವು ಕೇಳುವವರೆಗೆ ಆ ಪುಟವೇ ಇರುವುದಿಲ್ಲ. ದತ್ತಸಂಚಯದಲ್ಲಿರುವ ಮಾಹಿತಿಯಿಂದ ಅದು ಆಗ ರೂಪುಗೊಳ್ಳುತ್ತದೆ. ಶೋಧಯಂತ್ರವು ಸಾಮಾನ್ಯವಾಗಿ ಇಂತಹ ನಮೂನೆಗಳನ್ನು ಭರ್ತಿ ಮಾಡುವುದಿಲ್ಲ. ಆದ್ದರಿಂದ ಯಾವ ಪಹಣಿಯೂ ಗೂಗಲ್ ಫಲಿತಾಂಶದಲ್ಲಿ ಬರುವುದಿಲ್ಲ.

ಇದಲ್ಲದೆ ಇನ್ನೂ ಮೂರು ಕಾರಣಗಳಿವೆ. ಮೊದಲನೆಯದಾಗಿ, ಕೆಲವು ತಾಣಗಳು ನೋಂದಣಿ ಹಾಗೂ ಗುಪ್ತಪದ ಕೇಳುತ್ತವೆ. ಎರಡನೆಯದಾಗಿ, ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಚಿತ್ರದ ರೂಪದಲ್ಲಿ ಇರಿಸಲಾಗಿರುತ್ತದೆ. ಕಣ್ಣಿಗೆ ಅಕ್ಷರವಾಗಿ ಕಾಣುವುದು ಯಂತ್ರಕ್ಕೆ ಕೇವಲ ಚಿತ್ರ. ಮೂರನೆಯದಾಗಿ, ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಬೇರೆ ಸಂಕೇತಗಳಾಗಿ ಉಳಿದಿವೆ. 'ಕೆರೆ' ಎಂದು ಹುಡುಕಿದರೆ ಆ ಕಡತದಲ್ಲಿ 'ಕೆರೆ' ಎಂಬ ಪದವೇ ಯಂತ್ರಕ್ಕೆ ಸಿಗುವುದಿಲ್ಲ.

2. ಆಳಜಾಲ ಮತ್ತು ಕತ್ತಲಜಾಲ ಒಂದೇ ಅಲ್ಲ

ಹೀಗೆ ಶೋಧಯಂತ್ರದ ಸೂಚಿಗೆ ಸೇರದ ಭಾಗವನ್ನು 'ಡೀಪ್ ವೆಬ್' ಅಂದರೆ ಆಳಜಾಲ ಎಂದು ಕರೆಯಲಾಗುತ್ತದೆ. ಮೈಕೆಲ್ ಬರ್ಗ್‌ಮನ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಹೆಸರು ಪ್ರಚಲಿತವಾಯಿತು. ಆಳಜಾಲವು ಮೇಲ್ಪದರದ ಜಾಲಕ್ಕಿಂತ 400ರಿಂದ 550 ಪಟ್ಟು ದೊಡ್ಡದೆಂದು ಅವರು ಅಂದಾಜಿಸಿದ್ದರು. ಆ ಅಂದಾಜು ಹಳೆಯದು. ಆದರೂ ಶೋಧಯಂತ್ರ ತೋರಿಸುವುದು ಒಟ್ಟು ಮಾಹಿತಿಯ ಒಂದು ಭಾಗವನ್ನು ಮಾತ್ರ ಎಂಬುದು ಇಂದಿಗೂ ಸತ್ಯ.

'ಡಾರ್ಕ್ ವೆಬ್' ಎಂಬುದು ಬೇರೆ. ಅದು ಟಾರ್‌ನಂತಹ ವಿಶೇಷ ತಂತ್ರಾಂಶದ ಮೂಲಕ ಮಾತ್ರ ತೆರೆಯುವ, ಬಳಕೆದಾರರ ಗುರುತನ್ನು ಮರೆಮಾಚುವ ಚಿಕ್ಕ ಭಾಗ. ಪಂಚಾಯತಿಯ ಯಾವ ಕೆಲಸಕ್ಕೂ ಅದರ ಅಗತ್ಯವಿಲ್ಲ. ನಾವು ದಿನನಿತ್ಯ ಬಳಸುವ ಬ್ಯಾಂಕ್ ಖಾತೆಯ ಪುಟ, ಇ-ಸ್ವತ್ತು, ಪಂಚತಂತ್ರ 2.0 ತಂತ್ರಾಂಶದ ಲೆಕ್ಕಪುಟಗಳು ಇವೆಲ್ಲವೂ ಆಳಜಾಲದ ಭಾಗಗಳೇ. ಆದ್ದರಿಂದ ಆಳಜಾಲ ಎಂಬ ಹೆಸರು ಕೇಳಿ ಆತಂಕಪಡಬೇಕಾಗಿಲ್ಲ.

3. ಒಂದು ಉದಾಹರಣೆ: ಕೊಳವೆಬಾವಿಯೋ, ಕೆರೆಯ ಹೂಳೆತ್ತುವುದೋ

ಪ್ರಾರಂಭದಲ್ಲಿ ಹೇಳಿದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಠರಾವು ಅಂಗೀಕರಿಸುವ ಮುನ್ನ ಐದು ವಿಷಯಗಳನ್ನು ತಿಳಿದುಕೊಳ್ಳಬಹುದು.

(ಅ) ತಾಲ್ಲೂಕಿನ ಅಂತರ್ಜಲ ಸ್ಥಿತಿ. ಕೇಂದ್ರ ಅಂತರ್ಜಲ ಮಂಡಳಿಯು ರಾಜ್ಯದ ಇಲಾಖೆಯೊಂದಿಗೆ ಸೇರಿ ಅಂತರ್ಜಲದ ಲೆಕ್ಕಾಚಾರವನ್ನು ಪ್ರಕಟಿಸುತ್ತದೆ. ವರ್ಷಕ್ಕೆ ಬಳಸಬಹುದಾದ ನೀರಿನಲ್ಲಿ ಎಷ್ಟು ಭಾಗವನ್ನು ಮೇಲೆತ್ತಲಾಗುತ್ತಿದೆ ಎಂಬುದರ ಮೇಲೆ ವರ್ಗೀಕರಣ ನಡೆಯುತ್ತದೆ. ಶೇ. 70ರವರೆಗೆ ಸುರಕ್ಷಿತ, 70ರಿಂದ 90ರವರೆಗೆ ಅರೆ ಗಂಭೀರ, 90ರಿಂದ 100ರವರೆಗೆ ಗಂಭೀರ, 100ಕ್ಕಿಂತ ಹೆಚ್ಚಾದರೆ ಅತಿಬಳಕೆ. ಅತಿಬಳಕೆಯೆಂದರೆ ಮಳೆಯಿಂದ ಇಂಗುವುದಕ್ಕಿಂತ ಹೆಚ್ಚು ನೀರನ್ನು ನಾವು ತೆಗೆಯುತ್ತಿದ್ದೇವೆ ಎಂದರ್ಥ. ಇದೇ ಮಂಡಳಿಯ ತಾಲ್ಲೂಕುವಾರು ಜಲಧರ ನಕ್ಷೆಯ ವರದಿಗಳಲ್ಲಿ ನೀರು ಯಾವ ಆಳದ ಬಂಡೆಯ ಬಿರುಕುಗಳಲ್ಲಿ ದೊರೆಯುತ್ತದೆ ಎಂಬ ವಿವರವಿರುತ್ತದೆ. ನಮ್ಮ ರಾಜ್ಯದ ಬಹುಭಾಗ ಗಟ್ಟಿ ಶಿಲೆಯ ಪ್ರದೇಶ. ನೀರು ಬಿರುಕುಗಳಲ್ಲಿ ಮಾತ್ರ ನಿಲ್ಲುವುದರಿಂದ ಒಂದು ಹೊಲದಲ್ಲಿ ನೀರು ಬಂದು ಪಕ್ಕದ ಹೊಲದಲ್ಲಿ ಬಾರದಿರುವುದು ಸಾಧ್ಯ.

(ಆ) ನೀರಿನ ಗುಣಮಟ್ಟ. ಜಲ ಜೀವನ್ ಮಿಷನ್‌ನ ನೀರಿನ ಗುಣಮಟ್ಟ ನಿರ್ವಹಣಾ ತಾಣದಲ್ಲಿ ಗ್ರಾಮವಾರು ಪರೀಕ್ಷೆಗಳ ವಿವರ ನೋಡಬಹುದು. ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಅನುಮತಿಸಲಾಗಿದೆ. ತುಮಕೂರು, ಚಿತ್ರದುರ್ಗ, ಕೋಲಾರ, ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಹಲವು ಗ್ರಾಮಗಳಲ್ಲಿ ಈ ಮಿತಿ ಮೀರಿರುವುದು ದಾಖಲಾಗಿದೆ. ಹಲ್ಲಿನ ಮೇಲಿನ ಕಲೆ, ಮೂಳೆಗಳ ಬಿಗಿತ ಇವು ಅದರ ಪರಿಣಾಮಗಳು. ಹಳೆಯ ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆಯೆಂದು ತಿಳಿದಿದ್ದರೆ, ಅದರ ಸಮೀಪದಲ್ಲಿಯೇ ಇನ್ನೂ ಆಳಕ್ಕೆ ಕೊರೆಸುವ ಮುನ್ನ ಮತ್ತೊಮ್ಮೆ ಆಲೋಚಿಸಬೇಕಾಗುತ್ತದೆ.

(ಇ) ಮಳೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ದೂರಮಾಪನ ಮಳೆಮಾಪಕಗಳನ್ನು ಅಳವಡಿಸಿದೆ. ಕೆರೆಗೆ ನೀರು ಬರುವ ಸಾಧ್ಯತೆಯನ್ನು ಅಂದಾಜಿಸಲು ಹಲವು ವರ್ಷಗಳ ಮಳೆಯ ಅಂಕಿಗಳು ಅಗತ್ಯ.

(ಈ) ಕೆರೆಯ ವಿಸ್ತೀರ್ಣ ಮತ್ತು ಗಡಿ. ಪಹಣಿಯಲ್ಲಿ ಕೆರೆಯ ಸರ್ವೆ ನಂಬರಿನ ವಿಸ್ತೀರ್ಣ ಹಾಗೂ ಸಾರ್ವಜನಿಕ ಉಪಯೋಗದ ಬಿ ಖರಾಬು ವಿವರ ದೊರೆಯುತ್ತದೆ. ಭೂಮಾಪನ ಇಲಾಖೆಯ ತಾಣದಿಂದ ಗ್ರಾಮದ ಕಂದಾಯ ನಕ್ಷೆಯನ್ನು ಪಡೆಯಬಹುದು. ದಿಶಾಂಕ್ ಆ್ಯಪ್ ಬಳಸಿ, ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ಸ್ಥಳದಲ್ಲಿಯೇ ನೋಡಬಹುದು. ಕೆರೆಗೆ ನೀರು ತರುವ ಹಳ್ಳ, ರಾಜಕಾಲುವೆಗಳು ನಕ್ಷೆಯಲ್ಲಿದ್ದು ನೆಲದಲ್ಲಿ ಕಾಣದಿದ್ದರೆ, ಹೂಳು ತೆಗೆದರೂ ಕೆರೆ ತುಂಬುವುದಿಲ್ಲ. ಅಂತಹ ಸಂದರ್ಭದಲ್ಲಿ ಮೊದಲು ಆಗಬೇಕಾದ ಕೆಲಸ ಕಾಲುವೆಯ ತೆರವು.

(ಉ) ಈ ಹಿಂದೆ ಆದ ಕೆಲಸ. ಉದ್ಯೋಗ ಖಾತರಿ ಯೋಜನೆಯ ಸಾರ್ವಜನಿಕ ತಾಣದಲ್ಲಿ ಪಂಚಾಯತಿವಾರು, ವರ್ಷವಾರು ಕಾಮಗಾರಿಗಳ ಪಟ್ಟಿ ಹಾಗೂ ವೆಚ್ಚದ ವಿವರವಿದೆ. ಇ-ಗ್ರಾಮ ಸ್ವರಾಜ್ ತಾಣದಲ್ಲಿ ಹಿಂದಿನ ವರ್ಷಗಳ ಅಭಿವೃದ್ಧಿ ಯೋಜನೆಗಳಿವೆ. ಅದೇ ಕೆರೆಯ ಹೂಳಿಗೆ ಹಿಂದೆ ಎಷ್ಟು ಬಾರಿ ವೆಚ್ಚವಾಗಿದೆ ಎಂಬುದನ್ನು ಸದಸ್ಯರು ತಾವೇ ನೋಡಬಹುದು.

ಈ ಐದೂ ಮಾಹಿತಿಗಳು ಒಂದು ಹಾಳೆಯ ಮೇಲೆ ಬಂದರೆ ಚರ್ಚೆಯ ಸ್ವರೂಪವೇ ಬದಲಾಗುತ್ತದೆ. ನಿರ್ಧಾರ ಸದಸ್ಯರದೇ ಆಗಿರುತ್ತದೆ. ಆದರೆ ಅದಕ್ಕೆ ಆಧಾರವಿರುತ್ತದೆ.

4. ವಿಶ್ವವಿದ್ಯಾಲಯಗಳ ಪ್ರಬಂಧಗಳು

ನಮ್ಮ ತಾಲ್ಲೂಕುಗಳ ಬಗ್ಗೆ ಸಂಶೋಧಕರು ವರ್ಷಗಟ್ಟಲೆ ಓಡಾಡಿ ಬರೆದ ಪಿಎಚ್.ಡಿ. ಪ್ರಬಂಧಗಳಿವೆ. ಬಾವಿಗಳ ನೀರಿನ ಮಾದರಿ, ಕೆರೆ ಬಳಕೆದಾರರ ಸಂಘಗಳು, ಸ್ವಸಹಾಯ ಗುಂಪುಗಳು, ವಲಸೆ, ಪಂಚಾಯತಿ ಹಣಕಾಸು ಹೀಗೆ ವಿಷಯಗಳು ಹಲವು. ಇವುಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು 'ಶೋಧಗಂಗಾ' ಎಂಬ ಭಂಡಾರದಲ್ಲಿ ಇರಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸುವುದನ್ನು ಕಡ್ಡಾಯಗೊಳಿಸಿದ ನಂತರ ಇಲ್ಲಿ ಲಕ್ಷಗಟ್ಟಲೆ ಪ್ರಬಂಧಗಳು ಸೇರಿವೆ. ಯಾವ ಶುಲ್ಕವೂ ಇಲ್ಲದೆ ಅಧ್ಯಾಯವಾರು ತೆರೆದು ಓದಬಹುದು. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ 'ಕೃಷಿಕೋಶ' ಎಂಬ ಪ್ರತ್ಯೇಕ ಭಂಡಾರವಿದೆ. ಖರಗ್‌ಪುರದ ಐಐಟಿ ನಿರ್ವಹಿಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು 2018ರ ಜೂನ್ 19ರಂದು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಹಲವು ಸಂಸ್ಥೆಗಳ ಸಂಗ್ರಹಗಳನ್ನು ಅಲ್ಲಿ ಒಂದೇ ಕಡೆಯಿಂದ ಹುಡುಕಬಹುದು.

ಇಲ್ಲಿ ಪದಗಳ ಆಯ್ಕೆ ಮುಖ್ಯ. ವಿಜ್ಞಾನ ವಿಷಯದ ಪ್ರಬಂಧಗಳು ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ನಮ್ಮ ಕೆರೆಯನ್ನು 'ಲೇಕ್' ಎಂದು ಹುಡುಕಿದರೆ ನಗರದ ಸರೋವರಗಳ ಅಧ್ಯಯನಗಳೇ ಹೆಚ್ಚು ಬರುತ್ತವೆ. ನೀರಾವರಿ ಕೆರೆಗೆ ಸಂಶೋಧಕರು ಬಳಸುವ ಪದ 'ಟ್ಯಾಂಕ್'. ಊರಿನ ಹೆಸರಿನಲ್ಲಿ ಏನೂ ಸಿಗದಿದ್ದರೆ ತಾಲ್ಲೂಕಿನ ಹೆಸರು, ನಂತರ ನದಿ ಅಥವಾ ಹಳ್ಳದ ಹೆಸರು ಹಾಕಿ ನೋಡಬೇಕು. ಭೂಗರ್ಭ ವಿಜ್ಞಾನದ ಅಧ್ಯಯನಗಳು ಅನೇಕ ವೇಳೆ ನದಿಪಾತ್ರದ ಹೆಸರಿನಲ್ಲಿರುತ್ತವೆ.

ಪ್ರಬಂಧ ಪೂರ್ತಿ ಓದಬೇಕಾಗಿಲ್ಲ. ಅಧ್ಯಯನ ಪ್ರದೇಶದ ಅಧ್ಯಾಯ, ಕೊನೆಯ ತೀರ್ಮಾನಗಳು, ಅನುಬಂಧದಲ್ಲಿರುವ ಗ್ರಾಮವಾರು ಕೋಷ್ಟಕ ಇಷ್ಟನ್ನು ನೋಡಿದರೆ ಪಂಚಾಯತಿಯ ಕೆಲಸಕ್ಕೆ ಸಾಕಾಗುತ್ತದೆ.

5. ಹಳೆಯ ದಾಖಲೆಗಳು

ಕೆರೆಯ ಪ್ರಾಚೀನತೆಯೂ ಕೆಲವೊಮ್ಮೆ ಉಪಯುಕ್ತ ಸಾಕ್ಷ್ಯ. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳೆಯ ಮೈಸೂರು ಹಾಗೂ ಕೊಡಗಿನ ಶಾಸನಗಳು ಸಂಗ್ರಹವಾಗಿವೆ. ಮೈಸೂರಿನ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಲಾಗಿದೆ. ಕೆರೆ ಕಟ್ಟಿಸಿದ, ತೂಬು ಇಡಿಸಿದ, ಕೆರೆಯ ನಿರ್ವಹಣೆಗೆ ಭೂಮಿ ಬಿಟ್ಟ ಉಲ್ಲೇಖಗಳು ಅವುಗಳಲ್ಲಿ ಅನೇಕ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರ ಭಾಗಗಳಿಗೆ 1884ರ ಬಾಂಬೆ ಗೆಜೆಟಿಯರ್ ಸಂಪುಟಗಳಿವೆ. ಇವುಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಚಿತ್ರರೂಪದ ಪುಟಗಳಲ್ಲಿ ಪದ ಹುಡುಕಾಟವನ್ನು ನಂಬುವಂತಿಲ್ಲವಾದ್ದರಿಂದ ಪುಸ್ತಕದ ಕೊನೆಯಲ್ಲಿರುವ ಸೂಚಿಯನ್ನು ನೋಡಿ ಪುಟ ತೆರೆಯುವುದು ಸುಲಭ.

ಶಾಸನದಿಂದ ಇಂದಿನ ಗಡಿ ನಿರ್ಧಾರವಾಗುವುದಿಲ್ಲ. ಗಡಿಗೆ ಭೂಮಾಪನ ದಾಖಲೆಯೇ ಆಧಾರ. ಆದರೆ ಒಂದು ಜಲಮೂಲ ಎಷ್ಟು ಹಿಂದಿನಿಂದ ಇದೆಯೆಂದು ಗ್ರಾಮ ಸಭೆಗೆ ತಿಳಿಸಲು ಅದು ಸಹಾಯಕ.

6. ಹೆಸರು ಮತ್ತು ಸಂಖ್ಯೆಗಳ ತೊಡಕು

ಬಹುಪಾಲು ಹುಡುಕಾಟಗಳು ವಿಫಲವಾಗುವುದು ಹೆಸರಿನಿಂದ. 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಹೆಸರಿನ ಇಂಗ್ಲಿಷ್ ರೂಪ ಬದಲಾಯಿತು. ಅದಕ್ಕೂ ಹಿಂದಿನ ವರದಿಗಳು 'ಗುಲ್ಬರ್ಗಾ', 'ಬಿಜಾಪುರ್', 'ಬೆಳ್ಳಾರಿ', 'ಶಿಮೊಗಾ', 'ಟುಮ್ಕೂರ್' ಎಂಬ ರೂಪಗಳಲ್ಲಿವೆ. ಎರಡೂ ರೂಪಗಳಲ್ಲಿ ಹುಡುಕುವುದು ಅಗತ್ಯ.

ಜಿಲ್ಲೆಗಳೂ ವಿಭಜನೆಗೊಂಡಿವೆ. ಚಿಕ್ಕಬಳ್ಳಾಪುರದ ಗ್ರಾಮಗಳು 2007ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಕೋಲಾರ ಜಿಲ್ಲೆಯಲ್ಲಿಯೂ, ವಿಜಯನಗರ ಜಿಲ್ಲೆಯ ಬಹುಪಾಲು ಗ್ರಾಮಗಳು 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಇವೆ. ಹೊಸ ತಾಲ್ಲೂಕುಗಳ ವಿಷಯವೂ ಹೀಗೆಯೇ. ದಾಖಲೆಯ ವರ್ಷದಲ್ಲಿ ನಮ್ಮ ಊರು ಯಾವ ತಾಲ್ಲೂಕಿನಲ್ಲಿತ್ತು ಎಂದು ಮೊದಲು ಕೇಳಿಕೊಳ್ಳಬೇಕು.

ಹೆಸರಿಗಿಂತ ಸಂಖ್ಯೆ ಹೆಚ್ಚು ನಿಖರ. 2011ರ ಜನಗಣತಿಯಲ್ಲಿ ಪ್ರತಿ ಕಂದಾಯ ಗ್ರಾಮಕ್ಕೆ 6 ಅಂಕಿಗಳ ಸಂಖ್ಯೆ ನೀಡಲಾಗಿದೆ. ಪ್ರತಿ ಶಾಲೆಗೆ 11 ಅಂಕಿಗಳ ಯು-ಡೈಸ್ ಸಂಖ್ಯೆಯಿದೆ. ಪಂಚಾಯತಿಗಳಿಗೆ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯ ಸಂಖ್ಯೆಯಿದೆ. ಒಂದೇ ತಾಲ್ಲೂಕಿನಲ್ಲಿ ಎರಡು 'ಹೊಸಹಳ್ಳಿ'ಗಳಿದ್ದಾಗ ಸಂಖ್ಯೆಯೊಂದೇ ದಾರಿ. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಈ ಸಂಖ್ಯೆಯೊಂದಿಗೆ ಗ್ರಾಮದ ಜನಸಂಖ್ಯೆ, ಸಾಕ್ಷರರು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರ ಸಂಖ್ಯೆ, ಕೃಷಿ ಕಾರ್ಮಿಕರು, ಮೂಲಸೌಲಭ್ಯಗಳ ವಿವರಗಳು ಸಿಗುತ್ತವೆ.

7. ದೊರೆತ ಮಾಹಿತಿಯ ಪರಿಶೀಲನೆ

ಸರ್ಕಾರಿ ತಾಣದಲ್ಲಿದೆ ಎಂದ ಮಾತ್ರಕ್ಕೆ ಅಂಕಿ ಇಂದಿನದ್ದೆಂದು ಭಾವಿಸಬಾರದು. ದಾಖಲೆ ಯಾವ ವರ್ಷದ್ದು, ಯಾರು ಅಳೆದರು, ಗ್ರಾಮದ ಅಂಕಿಯೋ ತಾಲ್ಲೂಕಿನ ಸರಾಸರಿಯೋ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ತಾಲ್ಲೂಕು ಸುರಕ್ಷಿತ ವರ್ಗದಲ್ಲಿದ್ದರೂ ಒಂದು ಊರಿನ ಬಾವಿಗಳು ಬತ್ತಿರಬಹುದು. ನೀರುಗಂಟಿಗೆ ತಿಳಿದಿರುವುದು ಕೋಷ್ಟಕದಲ್ಲಿ ಇಲ್ಲದಿರಬಹುದು. ದಾಖಲೆಗೂ ಸ್ಥಳಕ್ಕೂ ವ್ಯತ್ಯಾಸ ಕಂಡರೆ ಸ್ಥಳ ಪರಿಶೀಲನೆ ನಡೆಸಿ, ವ್ಯತ್ಯಾಸವನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ. ದಿಶಾಂಕ್ ತೋರಿಸುವ ಗಡಿ ಮಾರ್ಗದರ್ಶನಕ್ಕೆ ಮಾತ್ರ. ವಿವಾದವಿದ್ದಲ್ಲಿ ಭೂಮಾಪಕರ ಅಳತೆಯೇ ಅಂತಿಮ.

ಸರ್ಕಾರಿ ತಾಣಗಳನ್ನು ಹೋಲುವ ನಕಲಿ ತಾಣಗಳಿವೆ. ವಿಳಾಸವು 'ಜಿಓವಿ ಡಾಟ್ ಇನ್' ಅಥವಾ 'ಎನ್ಐಸಿ ಡಾಟ್ ಇನ್' ಎಂದು ಕೊನೆಗೊಳ್ಳುತ್ತದೆಯೇ ಎಂದು ನೋಡಬೇಕು. ಉಚಿತ ದಾಖಲೆಗೆ ಹಣ ಅಥವಾ ಒಟಿಪಿ ಕೇಳುವ ತಾಣವನ್ನು ಕೂಡಲೇ ಮುಚ್ಚಬೇಕು. ಸಾರ್ವಜನಿಕ ತಾಣದಲ್ಲಿ ಫಲಾನುಭವಿಗಳ ಹೆಸರು ಕಂಡರೂ ಅವರ ವೈಯಕ್ತಿಕ ವಿವರಗಳನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವುದು ಸರಿಯಲ್ಲ.

8. ಜಾಲದಲ್ಲಿ ಇಲ್ಲದ ದಾಖಲೆಗಳು

ಎಲ್ಲವೂ ಜಾಲದಲ್ಲಿಲ್ಲ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿ, ಭೂಮಾಪನ ಕಚೇರಿ, ರಾಜ್ಯ ಪತ್ರಾಗಾರ ಇಲ್ಲಿಗೆ ನೇರವಾಗಿ ಹೋಗಬೇಕಾದ ಸಂದರ್ಭಗಳಿವೆ. ಮಾಹಿತಿ ಹಕ್ಕು ಅಧಿನಿಯಮ 2005ರ 4(1)(ಬಿ) ಪ್ರಕರಣದಂತೆ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ನಿಗದಿತ ವಿವರಗಳನ್ನು ತಾನಾಗಿಯೇ ಪ್ರಕಟಿಸತಕ್ಕದ್ದು. ಪ್ರಕಟವಾಗದ ಮಾಹಿತಿಗೆ 6ನೇ ಪ್ರಕರಣದಡಿ ಅರ್ಜಿ ಸಲ್ಲಿಸಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಕಡತದ ಹೆಸರು, ವರ್ಷ, ಸರ್ವೆ ನಂಬರ್ ಇವುಗಳನ್ನು ಮೊದಲೇ ದತ್ತಸಂಚಯದಲ್ಲಿ ಹುಡುಕಿ ಅರ್ಜಿಯಲ್ಲಿ ನಮೂದಿಸಿದರೆ 'ಮಾಹಿತಿ ಲಭ್ಯವಿಲ್ಲ' ಎಂಬ ಉತ್ತರಕ್ಕೆ ಅವಕಾಶ ಕಡಿಮೆ.

9. ನಮ್ಮ ದಾಖಲೆಗಳೂ ಅಡಗಿವೆ

ಇದುವರೆಗೆ ಇತರರ ದಾಖಲೆಗಳ ವಿಷಯವಾಯಿತು. ಪಂಚಾಯತಿಯ ನಡವಳಿ, ಕ್ರಿಯಾ ಯೋಜನೆ, ನೀರಿನ ಪರೀಕ್ಷಾ ವರದಿ ಇವು ಹಳೆಯ ಫಾಂಟಿನಲ್ಲಿ ಟೈಪಾಗಿ ಅಥವಾ ಓರೆಯಾಗಿ ತೆಗೆದ ಮೊಬೈಲ್ ಚಿತ್ರವಾಗಿ ಉಳಿದರೆ, ಮುಂದಿನ ಅವಧಿಯ ಸದಸ್ಯರು ಅವನ್ನು ಹುಡುಕಲಾರರು. ಒಮ್ಮೆ ವಿಫಲವಾದ ಕೊಳವೆಬಾವಿಯ ಆಳ, ಸ್ಥಳ ಹಾಗೂ ಕಾರಣ ಎಲ್ಲಿಯೂ ಹುಡುಕಲು ಸಿಗದಿದ್ದರೆ ಅದೇ ಸ್ಥಳದಲ್ಲಿ ಮತ್ತೊಮ್ಮೆ ಕೊರೆಸುವ ಸಾಧ್ಯತೆ ಉಳಿದೇ ಇರುತ್ತದೆ.

10. ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳು

• ಗ್ರಾಮ ಪಂಚಾಯತಿ ಗ್ರಂಥಾಲಯ ಅಂದರೆ ಅರಿವು ಕೇಂದ್ರದ ಗಣಕಯಂತ್ರದಲ್ಲಿ ಈ ಲೇಖನದಲ್ಲಿ ಹೆಸರಿಸಿದ ತಾಣಗಳ ಪಟ್ಟಿಯನ್ನು ಇರಿಸಿ, ಮುದ್ರಿತ ಪ್ರತಿಯನ್ನು ಗೋಡೆಗೆ ಅಂಟಿಸುವುದು.

• ಪ್ರತಿ ಗ್ರಾಮದ ಜನಗಣತಿ ಸಂಖ್ಯೆ, ಶಾಲೆಗಳ ಯು-ಡೈಸ್ ಸಂಖ್ಯೆ, ಕೆರೆಗಳ ಸರ್ವೆ ನಂಬರ್, ಊರಿನ ಹಳೆಯ ಹಾಗೂ ಹೊಸ ಇಂಗ್ಲಿಷ್ ಕಾಗುಣಿತ ಇವುಗಳ ಒಂದು ಪುಟದ ಪಟ್ಟಿ ಸಿದ್ಧಪಡಿಸುವುದು.

• ನೀರು, ಕೆರೆ, ಶಾಲೆ ಕುರಿತ ಮುಖ್ಯ ವಿಷಯಗಳು ಕಾರ್ಯಸೂಚಿಯಲ್ಲಿದ್ದಾಗ ಸಭೆಗೆ ಮುನ್ನ ಸಂಬಂಧಿಸಿದ ದಾಖಲೆಗಳ ಒಂದು ಹಾಳೆಯ ಟಿಪ್ಪಣಿಯನ್ನು ಸದಸ್ಯರಿಗೆ ನೀಡುವುದು. ಟಿಪ್ಪಣಿಯಲ್ಲಿ ಪ್ರತಿ ಅಂಕಿಯ ಎದುರು ಅದರ ವರ್ಷವನ್ನೂ ತಾಣವನ್ನೂ ಬರೆಯತಕ್ಕದ್ದು.

• ನಡವಳಿ ಹಾಗೂ ವರದಿಗಳನ್ನು ಯೂನಿಕೋಡ್ ಕನ್ನಡದಲ್ಲಿಯೇ ಟೈಪ್ ಮಾಡಿಸಿ, ಕಡತದ ಹೆಸರಿನಲ್ಲಿ ಊರು, ವಿಷಯ ಮತ್ತು ವರ್ಷವನ್ನು ನಮೂದಿಸುವುದು.

• ಪದವಿ ವ್ಯಾಸಂಗದಲ್ಲಿರುವ ಊರಿನ ಯುವಕ ಯುವತಿಯರ ನೆರವನ್ನು ಇಂಗ್ಲಿಷ್ ವರದಿಗಳ ಸಾರಾಂಶ ಬರೆಯಲು ಪಡೆಯುವುದು.

ಓದು ಬರಹದ ಅನುಭವ ಕಡಿಮೆಯಿರುವ ಸದಸ್ಯರು ಹಿಂಜರಿಯಬೇಕಾಗಿಲ್ಲ. ಯಾವ ಗುಂಡಿ ಎಲ್ಲಿತ್ತು, ಯಾವ ಕಾಲುವೆ ಯಾವ ವರ್ಷ ಮುಚ್ಚಿತು ಎಂದು ಅವರಿಗೆ ತಿಳಿದಿರುತ್ತದೆ. ಹುಡುಕಾಟಕ್ಕೆ ಬೇಕಾದ ಹೆಸರು ಮತ್ತು ವರ್ಷ ದೊರೆಯುವುದು ಅವರಿಂದಲೇ. ಗಣಕಯಂತ್ರದ ಕೆಲಸವನ್ನು ಸಿಬ್ಬಂದಿ ಮಾಡಬಹುದು. ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಸದಸ್ಯರೇ ನಿರ್ಧರಿಸಬೇಕು. ಬರುವ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿರುವ ಒಂದೇ ಒಂದು ಕಾಮಗಾರಿಯನ್ನು ಆರಿಸಿಕೊಂಡು, 3ನೇ ಭಾಗದಲ್ಲಿ ತಿಳಿಸಿದ ಕ್ರಮದಂತೆ ಪ್ರಾರಂಭಿಸಬೇಕೆಂದು ವಿನಂತಿಸಲಾಗಿದೆ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ